ಭವನದ ಊಟಕ್ಕೆ ಅಳತೆಯವರು ಬಂದದ್ದು

ಛುನ್‌ಥೋ ನಮ್ಮ ಊರಿಗೆ ಬಂದಾಗ ಅವಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಉಪ್ಪಿನ ಗದ್ದೆಗಳ ಆಚೆಯ ಊರು ಅವಳದು. ಅಪ್ಪ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಬಂದು, ಛ್ವಾ ಮನೆತನದವರ ಅಂಗಳದಲ್ಲಿ ಇಳಿಸಿ, ಕೊಟ್ಟ ಚಹಾ ಕುಡಿದು, ಸೈಕಲ್ ತಿರುಗಿಸಿಕೊಂಡು ಹೋದ. ಆ ಕಾಲದಲ್ಲಿ ಹೆಣ್ಣುಮಕ್ಕಳು ಹೆಚ್ಚಾದ ಮನೆಯವರು ಹಾಗೆ ಕೊಟ್ಟುಬಿಡುತ್ತಿದ್ದರು. ಪಡೆದವರು ಸಾಕಿ ಬೆಳೆಸಿ, ದೊಡ್ಡವಳಾದ ಮೇಲೆ ತಮ್ಮ ಮಗನಿಗೇ ತಂದುಕೊಳ್ಳುತ್ತಿದ್ದರು. ಸಾಕುಸೊಸೆ ಎಂದು ಕರೆಯುತ್ತಿದ್ದರು. ತೈಪೆಯಿಂದ ದೂರದ ನಮ್ಮ ಕಡಲ ಕಡೆಯ ಊರುಗಳಲ್ಲಿ ಓಣಿಗೆ ಒಬ್ಬಳಾದರೂ ಸಾಕುಸೊಸೆ ಇರುತ್ತಿದ್ದಳು.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯವಳು ಬೇಲಿಯ ಆಚೆಯಿಂದ ಎಂದಿನಂತೆ ಊಟ ಆಯ್ತಾ ಎಂದು ಕೇಳಿದಳು. ಛುನ್‌ಥೋ ಇಲ್ಲ, ಹಸಿವಾಗಿದೆ ಎಂದಳು. ಮಗು ನಿಜ ಹೇಳಿತು, ಅಷ್ಟೆ. ಪಕ್ಕದವಳು ಬೂದಿಯಿಂದ ಒಂದು ಸುಟ್ಟ ಗೆಣಸು ತೆಗೆದು ಕೊಟ್ಟಳು. ಅರ್ಧ ತಿಂದಿದ್ದಾಗ ಅತ್ತೆ ನೋಡಿದಳು. ಹೊಡೆಯಲಿಲ್ಲ, ಬೈಯಲೂ ಇಲ್ಲ. ಕೈ ಹಿಡಿದು ಆ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಉಳಿದ ಅರ್ಧ ಗೆಣಸನ್ನು ಎರಡೂ ಕೈಯಲ್ಲಿ ಹಿಡಿಸಿ, ಬಾಗಿಸಿ, ವಾಪಸು ಕೊಡಿಸಿದಳು. ಸಾಕಿಕೊಂಡ ಮಗು ಹಸಿವು ಅಂದರೆ ಊರು ಮಗುವನ್ನು ನೋಡುವುದಿಲ್ಲ, ಮನೆಯನ್ನು ನೋಡುತ್ತದೆ ಎಂದು ದಾರಿಯಲ್ಲಿ ಹೇಳಿಕೊಟ್ಟಳು. ಅಲ್ಲಿಂದಾಚೆಗೆ ಯಾರು ಏನು ಕೇಳಿದರೂ ಛುನ್‌ಥೋ ಒಂದೇ ಉತ್ತರ ಕೊಡುತ್ತಿದ್ದಳು. ಆಯ್ತು, ಹೊಟ್ಟೆ ತುಂಬಿದೆ.

ಅವಳ ಬದುಕು ದುಃಖದ್ದೆಂದು ಯಾರೂ ಹೇಳುವ ಹಾಗಿಲ್ಲ. ಗಂಡ ಜೊತೆಯಲ್ಲೇ ಬೆಳೆದವನು, ಅಣ್ಣನ ಹಾಗಿದ್ದವನು, ಮದುವೆಯಾದ ಮೇಲೂ ಅಣ್ಣನ ಹಾಗೆಯೇ ಇದ್ದ. ಅವನು ಇಳಿತದ ಹೊತ್ತಿಗೆ ಕಡಲಿನ ಕೆಸರಿಗಿಳಿದು ಸಿಂಪಿ ಬೆಳೆಯಲೆಂದು ನೆಟ್ಟ ಬಿದಿರಿನ ಸಾಲುಗಳಿಂದ ಸಿಂಪಿ ಕಿತ್ತು ತರುತ್ತಿದ್ದ, ಇವಳು ಚಿಕ್ಕ ಚೂರಿಯಿಂದ ಚಿಪ್ಪು ತೆರೆದು ಒಳಗಿನ ಮಾಂಸ ಬಿಡಿಸುತ್ತಿದ್ದಳು. ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಗಂಡ ಒಂದು ಚಳಿಗಾಲ ಕೆಮ್ಮಿಗೆ ಬಿದ್ದು ತೀರಿಕೊಂಡ. ಕೊನೆಯ ಮಗ ಬೆಂಗ್‌ಹುಯ್ ಊರಲ್ಲೇ ಉಳಿದ. ಅಪ್ಪನ ಬಿದಿರಿನ ಸಾಲುಗಳನ್ನು ನೋಡಿಕೊಂಡ, ಊರಿನ ಸಂಘಕ್ಕೆ ಅಧ್ಯಕ್ಷನೂ ಆದ. ಸೊಸೆ ಲೀಹ್ವಾ ಮೀನು ಕೊಯ್ದು ಪೊಟ್ಟಣ ಕಟ್ಟುವ ಕಾರ್ಖಾನೆಗೆ ಹೋಗುತ್ತಾಳೆ. ಒಳ್ಳೆಯವಳು. ಬೆಳಗ್ಗೆ ಬೆಳಕಾಗುವ ಮೊದಲೇ ಎದ್ದು ಅನ್ನ, ಒಂದು ಮೀನು, ಒಂದು ಸೊಪ್ಪು ಮಾಡಿಟ್ಟು, ಮೇಲೆ ಜಾಳಿಗೆಯ ಮುಚ್ಚಳ ಹಾಕಿ, ಸ್ಕೂಟರ್ ಹತ್ತಿ ಹೋದರೆ ಬರುವುದು ಸಂಜೆ.

ಛುನ್‌ಥೋ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಬುಟ್ಟಿಯ ಮುಂದೆ ಕೂತು ಸಿಂಪಿ ಬಿಡಿಸುತ್ತಾಳೆ. ಮೊದಲು ಓಣಿಯ ಹೆಂಗಸರೆಲ್ಲ ಒಂದು ಕಡೆ ಕೂತು ಬಿಡಿಸುತ್ತಿದ್ದರು, ಯಾರ ಸೊಸೆ ಏನು ಮಾಡಿದಳು ಎಂಬುದೆಲ್ಲ ಚಿಪ್ಪಿನ ಜೊತೆಗೇ ಹೊರಬರುತ್ತಿತ್ತು. ಆಮೇಲೆ ವ್ಯಾಪಾರಿಗಳು ಒಬ್ಬೊಬ್ಬ ಹೆಂಗಸಿನ ಮನೆಗೇ ಬುಟ್ಟಿ ಇಳಿಸತೊಡಗಿದರು. ಎಲ್ಲರೂ ಅವರವರ ಹಿತ್ತಲಲ್ಲಿ ಉಳಿದರು. ಮಧ್ಯಾಹ್ನವಾದರೆ ಛುನ್‌ಥೋ ಒಳಗೆ ಹೋಗಿ ಜಾಳಿಗೆ ಎತ್ತಿ ನೋಡುತ್ತಿದ್ದಳು. ಮೀನು ಇರುತ್ತಿತ್ತು, ಸೊಪ್ಪು ಇರುತ್ತಿತ್ತು. ಮತ್ತೆ ಮುಚ್ಚಿ ಬುಟ್ಟಿಯ ಹತ್ತಿರ ಬರುತ್ತಿದ್ದಳು. ಸಂಜೆ ಮೂವರೂ ಅದನ್ನೇ ಬಿಸಿ ಮಾಡಿಕೊಂಡು ತಿನ್ನುವರು. ಅಮ್ಮನಿಗೆ ಹಸಿವು ಕಡಿಮೆ ಎಂದು ಮನೆಯಲ್ಲಿ ಅಂದುಕೊಂಡಿದ್ದರು. ಅವಳೂ ಹಾಗೆಯೇ ಅಂದುಕೊಂಡಿದ್ದಳು.

ಅಂಥ ಹೊತ್ತಿನಲ್ಲಿ ಬೆಂಗ್‌ಹುಯ್ ಓಡಾಡಿ ಊರಿಗೆ ಊಟದ ಕಾರ್ಯಕ್ರಮ ತಂದ. ತೈಪೆಯ ಒಂದು ದತ್ತಿ ಸಂಸ್ಥೆ ಹಣ ಕೊಡುತ್ತದೆ, ಊರಿನ ಮುದುಕರಿಗೆಲ್ಲ ಸೋಮವಾರದಿಂದ ಶುಕ್ರವಾರದವರೆಗೆ ಸಮುದಾಯ ಭವನದಲ್ಲಿ ಬೆಳಗ್ಗೆ ಸ್ವಲ್ಪ ಕೈಕಾಲು ಆಡಿಸುವುದು, ಹಾಡು, ಮಧ್ಯಾಹ್ನ ಬಿಸಿ ಊಟ. ಸಂಸ್ಥೆ ಒಂದೇ ಒಂದು ಮಾತು ಹೇಳಿತ್ತು. ಇದರಿಂದ ಜನಕ್ಕೆ ಏನು ಒಳ್ಳೆಯದಾಯಿತು ಎಂದು ತಾವು ಅಳೆದು ನೋಡುತ್ತೇವೆ. ಶುರು ಮಾಡುವ ಮೊದಲು ಒಂದು ಸಲ, ವರ್ಷ ಕಳೆದ ಮೇಲೆ ಒಂದು ಸಲ.

ಅಳೆಯಲು ಬಂದವಳು ಪೇಯ್‌ಶಾನ್ ಎಂಬ ಹುಡುಗಿ. ಓದಿದವಳು, ನಮ್ಮ ಭಾಷೆ ಅವಳ ಬಾಯಲ್ಲಿ ಕುಂಟುತ್ತಿತ್ತು, ಆದರೂ ಅದರಲ್ಲೇ ಮಾತಾಡಲು ನೋಡುತ್ತಿದ್ದಳು. ಭವನದಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿ, ಎಲ್ಲರ ಮುಂದೆಯೇ ಒಬ್ಬೊಬ್ಬರನ್ನು ಕೇಳಿದಳು. ಓದು ಬಾರದವರಿಗಾಗಿ ಒಂದು ಹಲಗೆ ತಂದಿದ್ದಳು. ಅದರಲ್ಲಿ ಐದು ಮುಖ. ಒಂದು ಕೊನೆಯದು ಅಳುತ್ತಿತ್ತು, ಇನ್ನೊಂದು ಕೊನೆಯದು ಕಿವಿಯವರೆಗೂ ನಗುತ್ತಿತ್ತು. ಹೊಟ್ಟೆ ತುಂಬ ಊಟ ಆಗುತ್ತದಾ, ರಾತ್ರಿ ನಿದ್ದೆ ಬರುತ್ತದಾ, ಮಾತಾಡಲು ಯಾರಾದರೂ ಇದ್ದಾರಾ, ಮನೆಯವರು ನೋಡಿಕೊಳ್ಳುತ್ತಾರಾ, ಇಂಥವು ಪ್ರಶ್ನೆಗಳು. ನಿಮ್ಮ ಮುಖ ಯಾವುದೋ ಅದರ ಮೇಲೆ ಬೆರಳಿಡಿ.

ಬೆಂಗ್‌ಹುಯ್ ಅಧ್ಯಕ್ಷನಾಗಿ ಎಲ್ಲರಿಗೂ ಚಹಾ ಬಗ್ಗಿಸುತ್ತ ಓಡಾಡುತ್ತಿದ್ದ. ಛುನ್‌ಥೋ ಪ್ರಶ್ನೆ ಮುಗಿಯುವ ಮೊದಲೇ ನಗುವ ಮುಖದ ಮೇಲೆ ಬೆರಳಿಟ್ಟಳು. ಎಲ್ಲ ಪ್ರಶ್ನೆಗೂ ಅಲ್ಲೇ ಇಟ್ಟಳು. ಅವಳ ಪಕ್ಕದ ಕಿಮ್‌ಹ್ಯೋ ಕೂಡ ಅಲ್ಲೇ ಇಟ್ಟಳು. ಕಿಮ್‌ಹ್ಯೋ ಅಂದರೆ ಓಣಿಯ ತುದಿಯ ಮನೆಯವಳು, ಮಂಡಿ ನೋವು, ಬಾಯಿ ಜೋರು. ಆ ದಿನ ಮಾತ್ರ ಮಂಡಿಯನ್ನೂ ಮರೆತು ನಗುವ ಮುಖವನ್ನೇ ತೋರಿಸಿದಳು. ಯಾರೋ ಪರ ಊರಿನ ಹುಡುಗಿ, ಮೊದಲ ದಿನ ಬಂದಿದ್ದಾಳೆ, ಮಕ್ಕಳು ಅಲ್ಲೇ ನಿಂತಿದ್ದಾರೆ. ಬೇರೆ ಎಲ್ಲಿ ಬೆರಳಿಡಲು ಆಗುತ್ತದೆ? ಹಲಗೆಯ ಆ ಮುಖ ಬೆರಳುಗಳ ಸಿಂಪಿ ನೀರಿನಿಂದ ಮಾಸಿಹೋಯಿತು. ಹುಡುಗಿ ಖುಷಿಯಾಗಿ, ಇಷ್ಟು ಸುಖವಾಗಿರುವ ಊರನ್ನು ನೋಡಿಯೇ ಇಲ್ಲ ಎಂದು ಹೇಳಿ ಹೋದಳು.

ಊಟ ಶುರುವಾಯಿತು. ಹೇಳುವುದಾದರೆ ಅದು ದೊಡ್ಡ ಊಟವೇನೂ ಅಲ್ಲ. ಒಂದು ದಿನ ಹೂಮೀನಿನ ಸಾರು, ಒಂದು ದಿನ ಒಣ ಮೂಲಂಗಿ ಹಾಕಿದ ಮೊಟ್ಟೆ, ಚಳಿಗೆ ಸಿಂಪಿ ಹಾಕಿದ ಗಂಜಿ. ಛುನ್‌ಥೋ ಮೊದಲ ವಾರ ಬಟ್ಟಲಿನ ತಳದಲ್ಲಿ ಒಂದಿಷ್ಟೇ ಹಾಕಿಸಿಕೊಂಡಳು. ನಿಧಾನವಾಗಿ ಅರ್ಧ ಬಟ್ಟಲಾಯಿತು. ಮಳೆಗಾಲದ ಹೊತ್ತಿಗೆ, ಎದುರಿಗೆ ಕೂತ ಕಿಮ್‌ಹ್ಯೋ ತನ್ನ ಮೂರನೆಯ ಸೊಸೆಯ ಅಡುಗೆಯನ್ನು ಆಡಿಕೊಳ್ಳುವುದನ್ನು ಕೇಳುತ್ತ ಕೇಳುತ್ತ ಅವಳ ಬಟ್ಟಲು ಎರಡನೆಯ ಸಲ ಪಾತ್ರೆಯ ಕಡೆ ಹೋಗುತ್ತಿತ್ತು. ಹೋಗುತ್ತಿದ್ದದ್ದು ಅವಳ ಗಮನಕ್ಕೂ ಬಂದಿರಲಿಲ್ಲ. ಅಡುಗೆಯವಳು ಹೇಳಿದ ಮೇಲೆ ಗೊತ್ತಾಯಿತು. ಒಂದು ದಿನ ಯಾವುದೋ ಮಾತಿಗೆ ನಕ್ಕು ಅನ್ನ ನೆತ್ತಿಗೇರಿ ಎಲ್ಲರೂ ಬೆನ್ನು ಗುದ್ದಿದರು. ಗಂಡ ಹೋದ ಮೇಲೆ ಅವಳು ಅಷ್ಟು ನಕ್ಕದ್ದನ್ನು ಊರು ಕಂಡಿರಲಿಲ್ಲ. ಶನಿವಾರ, ಭಾನುವಾರ ಭವನಕ್ಕೆ ಬೀಗ. ಆ ಎರಡು ದಿನ ಹಿತ್ತಲಿನ ತಗಡು ಅವಳಿಗೆ ತಲೆಗೆ ತಾಗುವಷ್ಟು ಕೆಳಗಿಳಿದಂತೆ ಅನ್ನಿಸತೊಡಗಿತು. ಮೊದಲು ಹಾಗೆ ಅನ್ನಿಸಿರಲೇ ಇಲ್ಲ.

ಪೇಯ್‌ಶಾನ್ ಆ ವರ್ಷವೆಲ್ಲ ಬಂದು ಹೋಗಿ ಮಾಡುತ್ತಿದ್ದಳು. ಸಿಂಪಿ ಬಿಡಿಸಲು ಕಲಿಯುತ್ತೇನೆ ಎಂದು ಕೈ ಕೊಯ್ದುಕೊಂಡಳು. ಮುದುಕಿಯರನ್ನೆಲ್ಲ ಅಮಾ ಎಂದು ಕರೆಯುತ್ತಿದ್ದಳು, ನಮ್ಮಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ. ವರ್ಷ ತುಂಬಿದಾಗ ಎರಡನೆಯ ಅಳತೆಗೆ ಭವನದಲ್ಲಿ ಕೂರಿಸಲಿಲ್ಲ. ಮನೆಮನೆಯ ಹಿತ್ತಲಿಗೆ ಹೋಗಿ, ಬುಟ್ಟಿಯ ಪಕ್ಕ ಮಣೆ ಹಾಕಿಕೊಂಡು, ತಾನೂ ಚಿಪ್ಪು ಬಿಡಿಸುತ್ತ ಕೇಳಿದಳು. ಮಾತಾಡಲು ಯಾರೂ ಇಲ್ಲ ಅನ್ನಿಸುವ ದಿನ ಇದೆಯಾ ಎಂಬ ಪ್ರಶ್ನೆ ಬಂದಾಗ ಛುನ್‌ಥೋ ಚೂರಿ ಕೆಳಗಿಟ್ಟಳು. ಶನಿವಾರ, ಭಾನುವಾರ ಎಂದಳು. ಅಳುವ ಮುಖದ ಪಕ್ಕದ ಮುಖದ ಮೇಲೆ ಬೆರಳಿಟ್ಟಳು. ಹುಡುಗಿ ತನ್ನವಳೇ ಆಗಿದ್ದಳು, ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಆ ವಾರ ಊರಿನ ಅಷ್ಟೂ ಹಿತ್ತಲುಗಳಲ್ಲಿ ಇದೇ ಆಯಿತು. ಕಿಮ್‌ಹ್ಯೋ ಮಂಡಿಗೆ ಒಂದು ಬೆರಳು, ನಿದ್ದೆಗೆ ಒಂದು ಬೆರಳು, ಮೂರನೆಯ ಸೊಸೆಗೆ ಇನ್ನೊಂದು ಬೆರಳು ಇಟ್ಟಳಂತೆ.

ಅಳತೆಯ ಫಲ ಬಂದ ದಿನ ಪೇಯ್‌ಶಾನ್ ಊಟದ ಹೊತ್ತಿಗೇ ಬಂದು, ಬಟ್ಟಲು ಮುಟ್ಟದೆ ಕೂತಿದ್ದಳು. ಊಟ ಮುಗಿದ ಮೇಲೆ ಬೆಂಗ್‌ಹುಯ್ ಎದ್ದು ವಿಷಯ ಹೇಳಿದ. ಅಳತೆ ಪ್ರಕಾರ ವರ್ಷದ ಹಿಂದೆ ಈ ಊರು ಸುಖವಾಗಿತ್ತು, ಊಟ ಹಾಕಿದ ಮೇಲೆ ದುಃಖಕ್ಕೆ ಇಳಿದಿದೆ. ಹೋಲಿಸಿ ನೋಡಲು ಊಟ ಕೊಡದೆ ಬರೀ ಅಳೆದು ಬಿಟ್ಟಿದ್ದ ತೋಡಿನ ಆಚೆಯ ಊರು ಆಗಲೂ ನಗುತ್ತಿತ್ತು, ಈಗಲೂ ಹಾಗೇ ನಗುತ್ತಿದೆ. ಹೀಗಿದ್ದರೆ ಹೊಸ ವರ್ಷದ ಹಬ್ಬ ಕಳೆದ ಮೇಲೆ ಸಂಸ್ಥೆ ಹಣ ನಿಲ್ಲಿಸುತ್ತದೆ.

ಮೊದಲು ಬಾಯಿ ಬಿಟ್ಟವಳು ಕಿಮ್‌ಹ್ಯೋ.

"ಅಲ್ಲಿ ಊಟ ಹಾಕ್ದೇನೇ ನಗ್ತಾವ್ರೆ, ಇಲ್ಲಿ ಊಟ ಹಾಕಿ ಅಳಿಸಿದ್ರು ಅಂತ ಬರ್ಕೊಂಡ್ರಾ?"

"ಹೆಚ್ಚುಕಡಿಮೆ ಹಾಗೇನೇ ಅಮಾ," ಎಂದಳು ಪೇಯ್‌ಶಾನ್.

"ಹಂಗಾದ್ರೆ ಆ ಊರಿಗೂ ಒಂದು ವರ್ಷ ಅಡುಗೆ ಮಾಡಿ ಹಾಕಿ ಮಗಳೇ. ಅವ್ರೂ ಒಂಚೂರು ಅಳ್ಲಿ."

ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ತಪ್ಪು ತನ್ನದೇ ಎಂದು ಬಿಡಿಸಿ ಹೇಳಿದಳು. ಮೊದಲ ದಿನ ನಾನು ನಿಮಗೆ ಯಾರೋ ಆಗಿದ್ದೆ, ಎಲ್ಲರ ಮುಂದೆ ಕೇಳಿದೆ. ಆ ಉತ್ತರ ಅಳತೆಗೆ ಬರುವಂಥದ್ದಲ್ಲ. ಮೇಲಿನವರಿಗೆ ಬರೆದಿದ್ದೇನೆ, ಅವರು ಒಂದು ದಾರಿ ಒಪ್ಪಿದ್ದಾರೆ. ಕಚೇರಿಯಿಂದ ಗಾನ್ ಎಂಬ ಅಧಿಕಾರಿ ಬರುತ್ತಾರೆ. ಊಟ ಶುರುವಾಗುವ ಮೊದಲು ನಿಜಕ್ಕೂ ಹೇಗಿತ್ತು ಎಂದು ಅವರ ಎದುರಿಗೆ ನೀವು ಹಿಂದಿರುಗಿ ನೋಡಿ ಹೇಳಬೇಕು. ಹೇಳಿದರೆ ಆ ಹಳೆಯ ಅಳತೆಯ ಜಾಗದಲ್ಲಿ ಇದನ್ನು ಇಡುತ್ತಾರೆ.

ಕೇಳಲು ಸುಲಭವಾಗಿತ್ತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಛುನ್‌ಥೋ ಲೆಕ್ಕ ಹಾಕಿದಂತೆ ಎಲ್ಲರೂ ಲೆಕ್ಕ ಹಾಕಿದರು. ಆಗ ಹೊಟ್ಟೆ ಹಸಿದಿತ್ತು ಎಂದರೆ ಯಾರ ಮನೆಯಲ್ಲಿ ಹಸಿದಿತ್ತು?

ಸಂಜೆ ಊಟದ ಮೇಜಿನಲ್ಲಿ ಬೆಂಗ್‌ಹುಯ್ ಅಮ್ಮನಿಗೆ ಮೀನಿನ ಹೊಟ್ಟೆಯ ಭಾಗ ಬಡಿಸಿದ. ಏನೋ ಕೇಳಲಿದ್ದಾನೆ ಎಂದು ಅವಳಿಗೆ ಅಲ್ಲೇ ತಿಳಿಯಿತು. ಬೇರೆ ಯಾರೂ ಬಾಯಿ ಬಿಡುವುದಿಲ್ಲ, ಒಬ್ಬೊಬ್ಬರನ್ನೂ ಕೇಳಿ ನೋಡಿದ್ದೇನೆ ಎಂದ. ಅಧ್ಯಕ್ಷನ ತಾಯಿಯೇ ಹೇಳಿದರೆ ಅವರು ನಂಬುತ್ತಾರೆ ಎಂದ. ಭವನ ಮುಚ್ಚಿದರೆ ಕಿಮ್‌ಹ್ಯೋ ಚಿಕ್ಕಮ್ಮ ಮತ್ತೆ ಹಗಲೆಲ್ಲ ಆ ತುದಿಯ ಮನೆಯಲ್ಲಿ ಮಂಡಿ ಹಿಡಿದುಕೊಂಡು ಒಬ್ಬಳೇ ಕೂರಬೇಕು ಎಂದೂ ಹೇಳಿದ. ನೀನೂ ಅಷ್ಟೆ ಎಂದು ಹೇಳಲಿಲ್ಲ.

"ಏನಂತ ಹೇಳ್ಲಿ?" ಎಂದು ಛುನ್‌ಥೋ ಕೇಳಿದಳು.

"ಇದ್ದದ್ದನ್ನ ಹೇಳಮ್ಮ. ಮಧ್ಯಾಹ್ನ ಉಣ್ತಿರ್ಲಿಲ್ಲ, ಮಾತಿಗೆ ಯಾರೂ ಇರ್ಲಿಲ್ಲ, ಈಗ ಎಲ್ಲಾ ಇದೆ ಅಂತ. ಅಷ್ಟು ಸಾಕು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಲೀಹ್ವಾ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಮಧ್ಯಾಹ್ನ ಉಣ್ತಿರ್ಲಿಲ್ವಾ?"

ಬೆಂಗ್‌ಹುಯ್ ಬಟ್ಟಲು ಕೆಳಗಿಟ್ಟ. ಸಂಸ್ಥೆಗೆ ಹೇಳುವ ಮಾತಷ್ಟೇ ಎಂದ.

"ನಾನು ಕತ್ತಲಲ್ಲಿ ಎದ್ದು ಮಾಡಿಟ್ಟಿದ್ದು ಏನಾಗ್ತಿತ್ತು ಅಮ್ಮ? ಬೆಕ್ಕಿಗಾ?"

ಛುನ್‌ಥೋಗೆ ಹೇಳಬೇಕಾದದ್ದು ಬಹಳ ಇತ್ತು. ನೀನು ಮಾಡಿದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ, ಜಾಳಿಗೆ ಎತ್ತಿದಾಗ ಮೂವರ ಊಟ ನನ್ನೊಬ್ಬಳನ್ನೇ ನೋಡುತ್ತಿತ್ತು, ಅಷ್ಟೇ ಅಲ್ಲ, ಇನ್ನೂ ಏನೋ ಇತ್ತು, ಅದು ನೀನು ಈ ಮನೆಗೆ ಬರುವುದಕ್ಕೂ ಬಹಳ ಹಿಂದಿನದು. ಇದನ್ನೆಲ್ಲ ಸೊಸೆಗೆ ಹೇಳಲು ಮಾತು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ, ಸಂಜೆ ತಿನ್ನುತ್ತಿದ್ದೆವಲ್ಲ ಎಂದಷ್ಟೇ ಅಂದಳು. ಲೀಹ್ವಾ ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

ಮರುದಿನ ಜಾಳಿಗೆಯ ಕೆಳಗೆ ಹಬ್ಬದಡುಗೆಯಷ್ಟು ಇತ್ತು. ಶುಂಠಿ ಹಾಕಿದ ಮೀನು, ಹುರಿದ ಹಂದಿಮಾಂಸ, ಮೊಟ್ಟೆ, ಸೊಪ್ಪು, ಸಾರು. ಛುನ್‌ಥೋ ಅದರ ಮುಂದೆ ನಿಂತಳು. ತಿಂದರೆ ಭವನಕ್ಕೆ ಹೋಗಲಿಲ್ಲವೆಂದಾಗುತ್ತದೆ, ತಿನ್ನದಿದ್ದರೆ ಸೊಸೆಯ ಊಟ ತಿನ್ನಲಿಲ್ಲವೆಂದಾಗುತ್ತದೆ. ಒಂದು ತುಂಡು ಮೀನು ಬಾಯಿಗೆ ಹಾಕಿಕೊಂಡು, ಜಾಳಿಗೆ ಮುಚ್ಚಿ ಭವನಕ್ಕೆ ಹೋದಳು. ಸಂಜೆ ಲೀಹ್ವಾ ಬಂದು ಜಾಳಿಗೆ ಎತ್ತಿ ನೋಡಿ, ಒಂದು ಮಾತೂ ಆಡದೆ ಎಲ್ಲವನ್ನೂ ಓಣಿಯ ಬಾತುಕೋಳಿಗಳಿಗೆ ಹಾಕುವ ಬಕೆಟ್ಟಿಗೆ ಸುರಿದಳು. ಗಾನ್ ಬರುವ ದಿನದವರೆಗೂ ಹೀಗೇ ನಡೆಯಿತು. ಓಣಿಯ ಬಾತುಕೋಳಿಗಳು ಆ ದಿನಗಳಲ್ಲಿ ತಿಂದಷ್ಟು ಚೆನ್ನಾಗಿ ಎಂದೂ ತಿಂದಿಲ್ಲ.

ಗಾನ್ ಬಂದ. ಮೃದು ಮಾತಿನವನು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಎಲ್ಲರಿಗೂ ಬಾಗಿದ. ಅವನು ಬೇರೆ ಒಂದು ಅಳತೆ ತಂದಿದ್ದ. ನಿಮಗೆ ಬೇಕಾದ ವಸ್ತುಗಳನ್ನು ಹೇಳಿ, ಭವನದ ಊಟ ಅವುಗಳಲ್ಲಿ ಯಾವುದಕ್ಕಿಂತ ಮೇಲೆ, ಯಾವುದಕ್ಕಿಂತ ಕೆಳಗೆ ಹೇಳಿ, ಅದರಿಂದ ಊಟದ ಬೆಲೆ ತಿಳಿಯುತ್ತದೆ ಎಂದ. ಕಿಮ್‌ಹ್ಯೋಗೆ ದೊಡ್ಡ ಟಿವಿಯ ಚಿತ್ರ ತೋರಿಸಿದ. ಊಟ ಮೇಲು ಎಂದಳು. ವಿಮಾನದಲ್ಲಿ ಪ್ರವಾಸ ಹೋಗುವ ಚಿತ್ರ ತೋರಿಸಿದ. ಊಟ ಮೇಲು.

"ಎಲ್ಲಕ್ಕಿಂತ ಮೇಲೆ ಯಾವ್ದು ಅಮಾ, ನಿಮಗೆ?"

"ಹೊಸ ಮಂಡಿ. ಚಿತ್ರ ಇದ್ಯಾ?"

ಮಂಡಿಯ ಚಿತ್ರ ಇರಲಿಲ್ಲ. ಆಮೇಲೆ ಹಿಂದಿನ ದಿನಗಳ ಪ್ರಶ್ನೆ ಬಂತು. ಕಿಮ್‌ಹ್ಯೋ ಬಾಗಿಲ ಹತ್ತಿರ ನಿಂತಿದ್ದ ತನ್ನ ಮಗನ ಕಡೆ ನೋಡಿ, ಆಗಲೂ ಚೆನ್ನಾಗೇ ಇದ್ದೆ ಎಂದಳು. ಅವಳ ಪಕ್ಕದವಳೂ ಚೆನ್ನಾಗೇ ಇದ್ದಳು. ಸಾಲಿನಲ್ಲಿದ್ದ ಎಲ್ಲರೂ ಆಗಲೂ ಚೆನ್ನಾಗೇ ಇದ್ದರು. ಪೇಯ್‌ಶಾನ್ ಅದನ್ನೇ ಬರೆದುಕೊಳ್ಳುತ್ತ ಹೋದಳು.

ಛುನ್‌ಥೋಳ ಸರದಿ ಕೊನೆಯದು. ಆಗ ಲೀಹ್ವಾ ಒಳಗೆ ಬಂದಳು. ಕಾರ್ಖಾನೆಯಿಂದ ರಜೆ ಕೇಳಿಕೊಂಡು ನೇರ ಬಂದಿದ್ದಳು, ರಬ್ಬರಿನ ಬೂಟು ಹಾಗೇ ಇತ್ತು. ಗೋಡೆಗೆ ಒರಗಿ ನಿಂತು ಅತ್ತೆಯನ್ನೇ ನೋಡಿದಳು. ಇನ್ನೊಂದು ಗೋಡೆಯ ಹತ್ತಿರ ಬೆಂಗ್‌ಹುಯ್ ಚಹಾದ ಪಾತ್ರೆ ಹಿಡಿದು ನಿಂತಿದ್ದ. ನಡುವೆ ಕುರ್ಚಿಯಲ್ಲಿ ಛುನ್‌ಥೋ. ಅವಳು ಯಾವುದನ್ನು ಹೇಳಿದರೂ ಒಂದು ಗೋಡೆ ಬೀಳುವುದು ಖಂಡಿತವಿತ್ತು. ಅಡುಗೆಮನೆಯ ಕಡೆಯಿಂದ ಗಂಜಿಯ ಆವಿ ಬರುತ್ತಿತ್ತು. ಸಾಲಾಗಿ ಕೂತ ಹಳೆಯ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ನಾಳೆ ಈ ಹೊತ್ತಿಗೆ ಈ ಕೈಗಳೆಲ್ಲ ಎಲ್ಲೆಲ್ಲಿರುತ್ತವೆ ಎಂದು ಅವಳು ಒಂದೊಂದಾಗಿ ಯೋಚಿಸಿದಳು. ಒಂದೊಂದು ಹಿತ್ತಲೂ ಕಣ್ಣಿಗೆ ಬಂತು.

"ಆಗ ನಾನು ಮಧ್ಯಾಹ್ನ ಊಟ ಮಾಡ್ತಿರ್ಲಿಲ್ಲ," ಎಂದಳು.

ಗಾನ್ ಮುಂದಕ್ಕೆ ಬಾಗಿದ. "ಮನೇಲಿ ಊಟ ಇರ್ತಿರ್ಲಿಲ್ವಾ ಅಮಾ?"

"ಇರ್ತಿತ್ತು. ತುಂಬ ಇರ್ತಿತ್ತು. ನನ್ನ ಸೊಸೆ ಕತ್ತಲಲ್ಲಿ ಎದ್ದು ಮಾಡಿಟ್ಟು ಹೋಗೋಳು. ಅವಳ ಕೈ ಅಡುಗೆ ಈ ಊರಲ್ಲೇ ಒಳ್ಳೇದು."

"ಮತ್ತೆ ಯಾಕೆ?"

"ಒಬ್ಳೇ ಕೂತ್ರೆ ಬಾಯಿ ತೆರೀತಿರ್ಲಿಲ್ಲ."

ಗಾನ್ ಇನ್ನೇನಾದರೂ ಬರುತ್ತದೆಯೇ ಎಂದು ನೋಡಿದ. ಅವಳ ಹತ್ತಿರ ಇದ್ದದ್ದು ಅಷ್ಟೇ. ಅವನು ಪೇಯ್‌ಶಾನ್ ಕಡೆ ತಿರುಗಿ ಬರೆದುಕೊಳ್ಳಲು ಹೇಳಿದ. ಮೊದಲು ಮಧ್ಯಾಹ್ನದ ಊಟವಿಲ್ಲ. ಈಗ ವಾರಕ್ಕೆ ಐದು ದಿನ ಇದೆ. ಅಳೆಯಲು ಬರುವುದು ಅಷ್ಟೇ, ಉಳಿದದ್ದನ್ನು ಬರೆಯುವ ಜಾಗ ಇರಲಿಲ್ಲ. ಛುನ್‌ಥೋ ಬಾಯಿ ಬಿಟ್ಟದ್ದನ್ನು ನೋಡಿ ಇನ್ನಿಬ್ಬರು ಮೂವರು ಕೈ ಎತ್ತಿದರು, ನಮ್ಮದನ್ನೂ ಬದಲಾಯಿಸಿಕೊಳ್ಳಿ ಎಂದರು. ಕಿಮ್‌ಹ್ಯೋ ಎತ್ತಲಿಲ್ಲ, ಮಗ ಇನ್ನೂ ಬಾಗಿಲಲ್ಲೇ ಇದ್ದ. ಲೀಹ್ವಾ ಯಾವಾಗ ಹೊರಗೆ ಹೋದಳೋ ಯಾರೂ ನೋಡಲಿಲ್ಲ.

ಭವನ ಉಳಿಯಿತು. ಹಬ್ಬ ಕಳೆಯುವ ಮೊದಲೇ ಸುದ್ದಿ ಬಂತು, ಇನ್ನು ಕೆಲವು ವರ್ಷ ಊಟಕ್ಕೆ ತೊಂದರೆಯಿಲ್ಲ. ಬೆಂಗ್‌ಹುಯ್ ಪಟಾಕಿ ಹೊಡೆಸಿದ. ಸಂಸ್ಥೆ ತಾನು ಮಾಡಿದ ಒಳ್ಳೆಯ ಕೆಲಸವನ್ನು ನಾಡಿಗೆಲ್ಲ ತಿಳಿಸಲು ಒಂದು ವರದಿ ಹೊರಡಿಸಿತು. ಅದರಲ್ಲಿ ಛುನ್‌ಥೋಳ ಚಿತ್ರವೂ ಬಂತು. ಬಟ್ಟಲು ಹಿಡಿದು ನಗುತ್ತಿದ್ದಾಳೆ. ಕೆಳಗೆ ಒಂದು ಸಾಲು, ಮೊದಲು ಮಧ್ಯಾಹ್ನ ಉಪವಾಸವಿರುತ್ತಿದ್ದ ಅಜ್ಜಿ ಎಂದು. ಆ ಚಿತ್ರ ಮೀನಿನ ಕಾರ್ಖಾನೆಯ ಹೆಂಗಸರ ಫೋನಿನಲ್ಲಿ ಒಂದೇ ದಿನದಲ್ಲಿ ಸುತ್ತು ಹೊಡೆಯಿತು. ಇದು ನಿಮ್ಮ ಅತ್ತೆಯಲ್ಲವಾ ಎಂದು ಲೀಹ್ವಾಳನ್ನು ಕೇಳಿದರು. ಒಬ್ಬಳು ತನ್ನ ಡಬ್ಬಿಯಿಂದ ಎರಡು ಕಡುಬು ತೆಗೆದು, ಮನೆಗೆ ಒಯ್ದು ಅಜ್ಜಿಗೆ ಕೊಡು ಎಂದು ಅವಳ ಚೀಲಕ್ಕೆ ಹಾಕಿದಳಂತೆ. ಹಾಸ್ಯಕ್ಕೋ ನಿಜಕ್ಕೋ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಛುನ್‌ಥೋ ಭವನಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅಂಗಳದಲ್ಲಿ ಸ್ಕೂಟರ್ ಬಂದು ನಿಂತಿತು. ಲೀಹ್ವಾ ಹೆಲ್ಮೆಟ್ ತೆಗೆಯದೆಯೇ ಒಳಗೆ ಹೋಗಿ ಒಲೆ ಹಚ್ಚಿದಳು, ಬಿಸಿ ಮಾಡಿದಳು, ಮೇಜಿಗೆ ತಂದಿಟ್ಟಳು, ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಅಮ್ಮ."

ಛುನ್‌ಥೋ ಕೂತಳು. ಸೊಸೆ ಎದುರಿಗೆ ನಿಂತು, ಕೊನೆಯ ತುತ್ತು ಇಳಿಯುವವರೆಗೆ ನೋಡಿ, ಬಟ್ಟಲು ತೊಳೆದಿಟ್ಟು ಹೋದಳು. ಮರುದಿನವೂ ಬಂದಳು. ಕಾರ್ಖಾನೆಯಲ್ಲಿ ಊಟಕ್ಕೆ ಬಿಡುವ ಹೊತ್ತೇ ಸ್ವಲ್ಪ, ಅದರಲ್ಲಿ ಮುಕ್ಕಾಲು ದಾರಿಯಲ್ಲೇ ಹೋಗುತ್ತಿತ್ತು. ಮಳೆ ಬಂದರೂ, ಕಡಲ ಗಾಳಿ ಸ್ಕೂಟರನ್ನು ದೂಡಿದರೂ ಬರುತ್ತಿದ್ದಳು. ಓಣಿಯವರೆಲ್ಲ ನೋಡುವಂತೆ ಹಾರ್ನ್ ಹಾಕಿಕೊಂಡೇ ಬರುತ್ತಿದ್ದಳು. ಒಮ್ಮೆ ಕಿಮ್‌ಹ್ಯೋ ಕೋಲೂರಿಕೊಂಡು ಬಂದು ಗೇಟಿನಿಂದ ಛುನ್‌ಥೋ ಅಕ್ಕ, ಇವತ್ತು ಸಿಂಪಿ ಗಂಜಿ, ಬಾ ಎಂದು ಕರೆದಳು. ಲೀಹ್ವಾ ನಗುನಗುತ್ತಲೇ ಬಾಗಿಲಿಗೆ ಬಂದು, ಅಮ್ಮನಿಗೆ ಮನೆಯಲ್ಲೇ ಊಟ ಇದೆ ಚಿಕ್ಕಮ್ಮ ಎಂದಳು. ಕಿಮ್‌ಹ್ಯೋ ಕೋಲು ತಿರುಗಿಸಿ ಒಬ್ಬಳೇ ಭವನದ ದಾರಿ ಹಿಡಿದಳು.

ಛುನ್‌ಥೋ ಮಗನಿಗೆ ಹೇಳಿದಳು. ಸ್ವಲ್ಪ ದಿನ ಹೋಗಲಿ, ತಣ್ಣಗಾಗುತ್ತಾಳೆ ಎಂದ. ಅವನಿಗೆ ಭವನದ ತುಂಬ ಕೆಲಸ. ಪೇಯ್‌ಶಾನ್ ಕೂಡ ಬಂದಳು, ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತು, ಆ ಚಿತ್ರ ತೆಗೆಸಲು ಕೇಳಿಕೊಳ್ಳಲಾ ಎಂದಳು. ತೆಗೆದರೆ ಭವನಕ್ಕೆ ಏನಾಗುತ್ತದೆ ಎಂದು ಛುನ್‌ಥೋ ಕೇಳಿದಳು. ಹುಡುಗಿ ಬುಟ್ಟಿಯಿಂದ ಒಂದು ಸಿಂಪಿ ಎತ್ತಿಕೊಂಡಳು. ಇರಲಿ ಬಿಡು ಎಂದು ಛುನ್‌ಥೋ ಇನ್ನೊಂದು ಸಿಂಪಿ ತೆಗೆದುಕೊಂಡಳು.

ಹೀಗೆ ಬೇಸಿಗೆ ಬಂತು. ಒಂದು ಮಧ್ಯಾಹ್ನ ಲೀಹ್ವಾ ಬಡಿಸುವಾಗ ಬೆರಳಿಗಂಟಿದ ಅಗುಳನ್ನು ಬಾಯಿಗೆ ಹಾಕಿಕೊಂಡದ್ದನ್ನು ಛುನ್‌ಥೋ ಗಮನಿಸಿದಳು. ಇಷ್ಟು ತಿಂಗಳು ಮೇಜಿನ ಮೇಲೆ ಒಂದೇ ಬಟ್ಟಲು ಇರುತ್ತಿದ್ದದ್ದನ್ನು ಆಗಲೇ ಅವಳು ಸರಿಯಾಗಿ ನೋಡಿದ್ದು. ಎದ್ದು ಹೋಗಿ ಇನ್ನೊಂದು ಬಟ್ಟಲು, ಇನ್ನೊಂದು ಜೊತೆ ಊಟದ ಕಡ್ಡಿ ತಂದಿಟ್ಟಳು.

"ನೀನೂ ಕೂತ್ಕೋ."

"ಹೊತ್ತಿಲ್ಲ ಅಮ್ಮ. ಗಂಟೆ ಹೊಡೆದ್ರೆ ಬಾಗ್ಲು ಹಾಕ್ತಾರೆ."

"ಹಂಗಾದ್ರೆ ನಾಳೆಯಿಂದ ಬರ್ಬೇಡ. ನಾನು ತಿಂತೀನಿ."

"ನಾನು ಬರ್ದೇ ಇದ್ರೆ ನೀವು ಭವನಕ್ಕೆ ಹೋಗ್ತೀರ. ಹೋದ್ರೆ ನಾನು ಎಂಥ ಸೊಸೆ ಅಂತ ಇಡೀ ಕಾರ್ಖಾನೆಗೆ ಗೊತ್ತು." ಲೀಹ್ವಾ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. "ಆ ಹುಡುಗಿ ಎರಡು ಸಲ ಅಳೆಯೋಕೆ ಬಂದ್ಲು. ನಿಮ್ಮನ್ನ ಕೇಳಿದ್ಲು, ಇವ್ರನ್ನ ಕೇಳಿದ್ಲು. ನನ್ನನ್ನ ಒಂದು ಮಾತು ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ?"

ಲೀಹ್ವಾಳ ಕೈ ಪಟ್ಟಿಯ ಮೇಲೆ ನಿಂತಿತು. ಅವಳು ಗೋಡೆಯ ಗಡಿಯಾರ ನೋಡಿ, ಮೇಜಿನ ಮೇಲಿನ ಮೀನಿನ ತುಂಡೊಂದನ್ನು ಕೈಯಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಅಂಗಳಕ್ಕೆ ಇಳಿದಳು. ಸ್ಕೂಟರಿನ ಸದ್ದು ಓಣಿಯ ತಿರುವಿನವರೆಗೂ ಕೇಳಿಸಿತು.

ಭವನದಲ್ಲಿ ಊಟದ ಮೊದಲಿನ ಹಾಡು ಶುರುವಾಗಿತ್ತು, ಧ್ವನಿವರ್ಧಕದಲ್ಲಿ ಕಿಮ್‌ಹ್ಯೋಳ ಗಂಟಲೇ ಎಲ್ಲಕ್ಕಿಂತ ಮೇಲಿತ್ತು. ಛುನ್‌ಥೋ ಸೊಸೆಗೆಂದು ತಂದಿಟ್ಟ ಬಟ್ಟಲಿಗೂ ಅನ್ನ ಬಡಿಸಿದಳು. ಸಂಜೆ ಸೊಸೆ ಬಂದು ಪಾತ್ರೆಯ ತಳ ನೋಡುತ್ತಾಳೆ, ಏನೂ ಉಳಿಯಬಾರದು. ತನ್ನದನ್ನು ತಿಂದು ಮುಗಿಸಿ, ಆ ಬಟ್ಟಲನ್ನೂ ಹತ್ತಿರಕ್ಕೆ ಎಳೆದುಕೊಂಡಳು.